ಮಾರಿಕಣಿವೆ ಹಿನ್ನೀರು: 8 ಜನ, 4 ಕೆನೂ, 2 ರಾತ್ರಿ. ಪ್ಲ್ಯಾನ್ ನೋಡಿ, ತಪ್ಪಿದ್ದರೆ ಹೇಳಿ

ಬೆಣ್ಣೆನಗರಿ 8
ಡಿಸೆಂಬರ್ ಕೊನೆ ವಾರ, ದಾವಣಗೆರೆಯಿಂದ 8 ಜನ. ದೋಣಿ ನಾಲ್ಕು: ಎರಡು ಗಟ್ಟಿ ಪ್ಲಾಸ್ಟಿಕ್ ಕೆನೂ, 16 ಅಡಿಯವು; ಇನ್ನೆರಡು ಗಾಳಿ ತುಂಬುವಂಥವು. ಜಾಗ ವಾಣಿ ವಿಲಾಸ ಸಾಗರದ, ಅಂದರೆ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟಿನ ಕಡೆಯಿಂದ ಇಳಿದು ಹೊಸದುರ್ಗದ ದಿಕ್ಕಿಗೆ ಹೋಗಿ ವಾಪಸ್ ಬರೋದು. ಮೊದಲ ದಿನ 12 ಕಿ.ಮೀ., ಎರಡನೇ ದಿನ ಟೆಂಟ್ ಎತ್ತಿಕೊಂಡು ಇನ್ನೊಂದು 12, ಮೂರನೇ ದಿನ ನೇರ ವಾಪಸ್. ದಾರಿಯುದ್ದಕ್ಕೂ ಗಾಳ ಹಾಕೋದು, ರಾತ್ರಿ ಊಟಕ್ಕೆ ಮೀನು. ಅಮೆರಿಕದ ಬೌಂಡರಿ ವಾಟರ್ಸ್ ಅನ್ನೋ ಸರೋವರ ಸೀಮೆಯಲ್ಲಿ ಮಾಡೋ ಹಾಗೆ ದಿನಕ್ಕೊಂದು ಕ್ಯಾಂಪ್. ಎಲ್ಲರಿಗೂ ಈಜು ಬರುತ್ತೆ. ಏನು ಬಿಟ್ಟಿದ್ದೀವಿ?

ಕಣಿವೆಗಾಳ
ಬಿಟ್ಟಿರೋದು ಗಾಳಿ. ದಿಕ್ಕೇ ಉಲ್ಟಾ ಆಗಿದೆ.

ಚಳಿಗಾಲದಲ್ಲಿ ಇಲ್ಲಿ ಬೀಸೋದು ಮೂಡಗಾಳಿ. ಅಣೆಕಟ್ಟು ಮೂಡಣಕ್ಕಿದೆ, ಹಿನ್ನೀರು ಪಡುವಣಕ್ಕೂ ತೆಂಕಣಕ್ಕೂ ಚಾಚಿಕೊಂಡಿದೆ. ಅಣೆಕಟ್ಟಿನ ಕಡೆಯಿಂದ ಹೊರಟರೆ ಹೋಗುವಾಗ ಗಾಳಿ ಬೆನ್ನಿಗೆ ಬಂದು ಹಾಯೆನಿಸುತ್ತೆ. ಮೂರನೇ ದಿನ, ತೋಳು ಸೋತು ನೀರು ಮುಗಿದಿರೋ ಹೊತ್ತಿಗೆ, ಅದೇ ಗಾಳಿ ಎದೆಗೆ. ಹೊಸದುರ್ಗದ ಕಡೆಯ ಹಿನ್ನೀರಿಂದ ಇಳಿಯಿರಿ. ಹೋಗೋದು ಗಾಳಿಗೆದುರು, ಬರೋದು ಗಾಳಿ ಜೊತೆ. ಅಣೆಕಟ್ಟು, ಕೋಡಿ, ತೂಬು ಯಾವುದರ ಹತ್ತಿರವೂ ಹೋಗಬೇಡಿ. ಅಲ್ಲಿ ಮೀನೂ ಹಿಡಿಯೋ ಹಾಗಿಲ್ಲ, ದೋಣಿಯೂ ತರೋ ಹಾಗಿಲ್ಲ.

ಎರಡನೇದು ಇನ್ನೂ ದೊಡ್ಡದು. ನೀರು ಕನ್ನಡಿ ಥರ ಇರೋದು ಬೆಳಿಗ್ಗೆ 6ರಿಂದ ಹೆಚ್ಚೆಂದರೆ 10ರವರೆಗೆ. ಅಗಲವಾದ ಜಾಗ ದಾಟೋಕೆ ಆ ನಾಲ್ಕು ಗಂಟೆಯೇ ಗತಿ. ರೋಹು, ಕಾಟ್ಲಾ ಎರೆ ಮುಟ್ಟೋದೂ ಅದೇ ಹೊತ್ತಲ್ಲಿ. ನಿಮ್ಮ ಪ್ಲ್ಯಾನಲ್ಲಿ ಮೂರು ಬೆಳಿಗ್ಗೆ ಇವೆ, ಮೂರಕ್ಕೂ ಹುಟ್ಟು ಹಾಕೋ ಕೆಲಸ ಕೊಟ್ಟಿದ್ದೀರಿ. ಗಾಳ ಹಾಕೋದು ಯಾವಾಗ, ಮಧ್ಯಾಹ್ನ 2ಕ್ಕೆ ಬಿಸಿಲಲ್ಲಾ?

ಹುಟ್ಟುಗೋಲು
ಮೇಲಿನವರ ಮಾತು ಸರಿ. ದಿನಕ್ಕೊಂದು ಕ್ಯಾಂಪ್ ಅನ್ನೋದು ಬೌಂಡರಿ ವಾಟರ್ಸ್‌ಗೆ ಒಪ್ಪುತ್ತೆ, ಯಾಕಂದ್ರೆ ಅಲ್ಲಿರೋದು ಸಾವಿರಕ್ಕೂ ಹೆಚ್ಚು ಸಣ್ಣ ದೊಡ್ಡ ಸರೋವರ. ಒಂದರಿಂದ ಇನ್ನೊಂದಕ್ಕೆ ದೋಣಿ ಹೊತ್ತು ದಾಟಬೇಕು. ಆ ಹೊರುವ ದಾರಿಯನ್ನು ಅವರು 'ರಾಡ್' ಲೆಕ್ಕದಲ್ಲಿ ಅಳೀತಾರೆ. ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚು ಕಡಿಮೆ ಒಂದು ಕೆನೂ ಉದ್ದ. ಸಣ್ಣ ಸರೋವರ ಆದ್ದರಿಂದ ಎಲ್ಲೋ ಒಂದು ಕಡೆ ಮರೆ ಸಿಕ್ಕೇ ಸಿಗುತ್ತೆ. ಮಾರಿಕಣಿವೆ ಒಂದೇ ನೀರು. ತುಂಬಿದಾಗ 130 ಅಡಿ, 30 ಟಿಎಂಸಿ ಮೇಲೆ. ಕಿಲೋಮೀಟರುಗಟ್ಟಲೆ ಬಯಲಲ್ಲಿ ಓಡಿ ಬರೋ ಗಾಳಿಗೆ ಅಲೆ ಎಬ್ಬಿಸೋಕೆ ಬೇಕಾದಷ್ಟು ಜಾಗ ಇದೆ.

ಅಲ್ಲಿಂದ ತಗೊಳ್ಳಬೇಕಾದ ಒಂದು ನಿಯಮ ಇದೆ: ಒಂದು ಗುಂಪಿಗೆ 9 ಜನ, 4 ದೋಣಿ, ಅದಕ್ಕಿಂತ ಹೆಚ್ಚಿಲ್ಲ. ನೀವು ಆ ಮಿತಿಯೊಳಗಿದ್ದೀರಿ. ಐದನೇ ದೋಣಿ ಸೇರಿಸೋ ಯೋಚನೆ ಇದ್ದರೆ ಬಿಡಿ. ಗುಂಪು ಚದುರೋದು ಅಲ್ಲಿಂದಲೇ.

ವೇಗ: ಇಬ್ಬರು ಅಭ್ಯಾಸ ಇರೋರು ಗಂಟೆಗೆ 5 ಕಿ.ಮೀ. ಹೋಗ್ತಾರೆ. ನಾಲ್ಕು ದೋಣಿಯ ಗುಂಪು 3 ಹೋದರೆ ಪುಣ್ಯ. ಗುಂಪಿನ ವೇಗ ಅಂದರೆ ಅತಿ ನಿಧಾನದ ದೋಣಿಯ ವೇಗ. ಗಾಳಿ ತುಂಬಿದ ಕೆನೂ ನೀರಿನ ಮೇಲೆ ಎತ್ತರಕ್ಕೆ ಕೂತಿರುತ್ತೆ, ಅಡ್ಡಗಾಳಿಗೆ ಎಲೆಯ ಹಾಗೆ ಜಾರುತ್ತೆ. ನಿಮ್ಮ ಹತ್ತಿರ ಅಂಥವು ಎರಡಿವೆ. 12 ಕಿ.ಮೀ. ಅಂದರೆ ನಾಲ್ಕು ಗಂಟೆ. 6ಕ್ಕೆ ಹೊರಟರೂ 10.

ಬೆಣ್ಣೆನಗರಿ 8
ಹಾಗಾದ್ರೆ ಒಂದೇ ಕ್ಯಾಂಪ್? ಅಷ್ಟು ದೂರ ಹೋಗಿ ಒಂದೇ ಕಡೆ ಕೂರೋದಾ ಅಂತ ಹುಡುಗರು ಗೊಣಗ್ತಾರೆ.

ಕಣಿವೆಗಾಳ
ಗೊಣಗಲಿ. ಮೊದಲ ದಿನ ಬೆಳಿಗ್ಗೆ 7 ಕಿ.ಮೀ., ಅಲ್ಲಿ ಟೆಂಟ್. ಎರಡನೇ ಬೆಳಿಗ್ಗೆ ಪೂರ್ತಿ ಗಾಳಕ್ಕೆ. ಮೂರನೇ ದಿನ 6.30ರೊಳಗೆ ನೀರಿಗಿಳಿದು ಗಾಳಿ ಬೆನ್ನಿಗೆ ಹಾಕಿಕೊಂಡು ವಾಪಸ್. ತಿರುಗಾಡಬೇಕು ಅನ್ನೋರು ಎರಡನೇ ದಿನ ಖಾಲಿ ದೋಣಿಯಲ್ಲಿ ಕೊಲ್ಲಿ ಕೊಲ್ಲಿ ಸುತ್ತಲಿ. ಸಾಮಾನಿಲ್ಲದ ದೋಣಿ ಮಗುಚಿದರೆ ಕಳ್ಕೊಳ್ಳೋದೂ ಕಮ್ಮಿ.

ಎರೆಹೊಲ
ಇಳಿಯೋ ಜಾಗದ ಬಗ್ಗೆ ಯಾರೂ ಹೇಳ್ತಿಲ್ಲ, ನಾನ್ ಹೇಳ್ತೀನಿ. ಡಿಸೆಂಬರ್‌ಗೆ ನೀರು ಇಳೀತಾ ಇರ್ಬೋದು. ಇಳಿದ ಕಡೆಯೆಲ್ಲ ಎರೆ ಮಣ್ಣು. ಮೇಲ್ಗಡೆ ಬಿರುಕು ಬಿಟ್ಟು ಬೂದಿ ಬಣ್ಣಕ್ಕೆ ಒಣಗಿರ್ತೈತೆ, ಹೆಂಚಿನ ಹಾಗೆ ಕಾಣ್ತೈತೆ. ಕಾಲಿಟ್ಟರೆ ಹೆಂಚು ಮುರಿದು ಮೊಣಕಾಲವರೆಗೂ ಒಳಗೆ. ಎಳೆದ್ರೆ ಕಾಲು ಬರ್ತೈತೆ, ಚಪ್ಪಲಿ ಬರಲ್ಲ. ದೋಣಿಯಿಂದ ಇಳಿಯೋ ಮುಂಚೆ ಹುಟ್ಟಿನ ಹಿಡಿಕೆಯಿಂದ ಕುಕ್ಕಿ ನೋಡಿ. ಒಂದು ಗೇಣಿಗಿಂತ ಜಾಸ್ತಿ ಹೋದ್ರೆ ಬೇರೆ ಜಾಗ ಹುಡುಕಿ. ಗರಸು, ಬಂಡೆ ಇರೋ ಮೂಲೆಗಳೇ ಸರಿ.

ಗರಸಿನ ಜಾಗದಲ್ಲಿ ಇನ್ನೊಂದು ಪೀಡೆ, ಬಳ್ಳಾರಿ ಜಾಲಿ. ನೀರು ಏರಿದಾಗ ಮುಳುಗಿ ಸತ್ತ ಗಿಡದ ಕೊಂಬೆ ದಂಡೆ ತುಂಬ ಬಿದ್ದಿರ್ತಾವೆ. ಗಾಳಿ ತುಂಬಿದ ದೋಣಿ ಎಳ್ಕೊಂಡು ದಡಕ್ಕೆ ತಂದ್ರೋ, ಮುಳ್ಳು ಚುಚ್ಚಿ ಮುಗೀತು. ಮೊಣಕಾಲುದ್ದ ನೀರಲ್ಲೇ ಇಳಿದು ನಾಲ್ಕು ಜನ ಎತ್ತಿಕೊಂಡು ಬನ್ನಿ. ಚಪ್ಪಲಿ ಬ್ಯಾಡ, ದಪ್ಪ ತಳದ ಹಳೇ ಬೂಟು ಹಾಕ್ಕೊಳ್ಳಿ, ನೆನೆದ್ರೂ ನೆನೀಲಿ.

2022ರಲ್ಲಿ ನೀರು ಕೋಡಿ ಬಿತ್ತಲ್ಲ, 1933 ಆದ ಮೇಲೆ ಅದೇ ಮೊದಲು, ಆವಾಗ ದಂಡೆ ಮೇಲಿನ ಜಮೀನು, ತೋಟ ಮುಳುಗಿದ್ವು. ಬೋಡು ಕಾಂಡ, ಬೇಲಿ ಕಂಬ, ತಂತಿ ನೀರೊಳಗೆ ಇರ್ಬೋದು. ದಂಡೆ ಹತ್ತಿರ ವೇಗ ಬ್ಯಾಡ, ಮುಂದೆ ಕೂತೋನು ನೀರು ನೋಡ್ತಿರ್ಲಿ.

ಹರಿದ್ರಾ
ಗಾಳಿ ದೋಣಿ ಇರೋರಿಗೆ. ಬೆಳಿಗ್ಗೆ ತಂಪಲ್ಲಿ ಗಟ್ಟಿಯಾಗಿ ತುಂಬಿ ಹೊರಟು, ಮಧ್ಯಾಹ್ನ ದಡದ ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತೆ. ದಡಕ್ಕೆ ತಂದ ಕೂಡಲೇ ಎರಡು ಮೂರು ಸಲ ವಾಲ್ವ್ ಒತ್ತಿ ಸ್ವಲ್ಪ ಬಿಡಿ, ನೆರಳಿಗೆ ಹಾಕಿ. ನೀರಿಗೆ ಇಳಿಸಿದ ಮೇಲೆ ತಣ್ಣಗಾಗಿ ಮೆತ್ತಗಾಗುತ್ತೆ, ಐದು ನಿಮಿಷ ಬಿಟ್ಟು ಮತ್ತೆ ತುಂಬಿ. ಮೆತ್ತಗಿರೋ ದೋಣಿ ನಡುವಲ್ಲಿ ಬಾಗುತ್ತೆ, ಹುಟ್ಟು ಹಾಕಿದ ಶಕ್ತಿಯೆಲ್ಲ ಬಾಗಿದ್ದಕ್ಕೇ ಹೋಗುತ್ತೆ.

ಪಂಕ್ಚರ್ ಆದರೆ: ಜಾಗ ಒಣಗಿಸಿ, ಮರಳು ಕಾಗದದಿಂದ ತರಿ ಮಾಡಿ, ಒರೆಸಿ. ತೂತಿನ ಸುತ್ತ ಎಲ್ಲ ಕಡೆ ಎರಡು ಬೆರಳಗಲ ಜಾಸ್ತಿ ಬರೋ ಹಾಗೆ ಪ್ಯಾಚ್ ಕತ್ತರಿಸಿ, ಮೂಲೆಗಳನ್ನ ದುಂಡಗೆ ಮಾಡಿ. ಎರಡಕ್ಕೂ ತೆಳ್ಳಗೆ ಅಂಟು ಹಚ್ಚಿ, ಬೆರಳಿಗೆ ಅಂಟಿ ಅಂಟದ ಹಾಗೆ ಆಗೋವರೆಗೆ ಕಾದು, ಇನ್ನೊಂದು ಸುತ್ತು ಹಚ್ಚಿ, ಆಮೇಲೆ ಅಂಟಿಸಿ ಚಮಚದ ಬೆನ್ನಿಂದ ಉಜ್ಜಿ. ಎಲ್ಲರೂ ತಪ್ಪೋದು ಈ ಕಾಯೋದರಲ್ಲೇ. ಹಸಿ ಅಂಟಿನ ಮೇಲೆ ಪ್ಯಾಚ್ ಇಟ್ಟರೆ ಸಂಜೆಗೆ ಜಾರಿ ಬರುತ್ತೆ. ಅಂಟು ಪೂರ್ತಿ ಕಚ್ಚೋಕೆ ಒಂದು ರಾತ್ರಿ ಬೇಕು. ಅದಕ್ಕೇ ಒಂದೇ ಕ್ಯಾಂಪ್ ಒಳ್ಳೇದು ಅನ್ನೋಕೆ ಇನ್ನೊಂದು ಕಾರಣ.

ಬೆಣ್ಣೆನಗರಿ 8
ಭಾರದ ಲೆಕ್ಕ ಹೇಗೆ ಹಾಕೋದು? ಕುಡಿಯೋ ನೀರು ಅಲ್ಲೇ ಕಾಯಿಸಿಕೊಂಡರೆ ಸಾಕಲ್ವ?

ಹುಟ್ಟುಗೋಲು
ಸಾಲದು. ಒಂದು ನಿಮಿಷ ಕುದಿಸಿದರೆ ರೋಗಾಣು ಸಾಯುತ್ತವೆ, ಹೊಲದಿಂದ ಹರಿದು ಬಂದ ಗೊಬ್ಬರ, ಔಷಧಿ ಹಾಗೇ ಇರುತ್ತೆ. ಕೊಲ್ಲಿಗಳಲ್ಲಿ ಹಸಿರು ಬಣ್ಣ ಕಲಸಿದ ಹಾಗೆ ಪಾಚಿ ಕಟ್ಟಿದ್ದರೆ ಕುದಿಸಿಯೂ ಕುಡಿಯಬೇಡಿ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್. 8 ಜನ, 3 ದಿನ, 96 ಲೀಟರ್. ಕ್ಯಾನ್ ಅಂತ ಒಂದೇ ದೋಣಿಗೆ ಹಾಕಬೇಡಿ, ದೋಣಿಗೆ 24ರಂತೆ ಹಂಚಿ. ದೋಣಿ ಹೊರೋ ಕೆಲಸ ಇಲ್ಲದ್ದರಿಂದ ಈ ಭಾರ ಕಷ್ಟ ಅಲ್ಲ. ನಡುವಲ್ಲಿ ತಳಕ್ಕೆ ಇಟ್ಟರೆ ದೋಣಿಯೂ ಗಟ್ಟಿಯಾಗಿ ಕೂರುತ್ತೆ.

ಒಂದು ದೋಣಿಗೆ ಇಬ್ಬರು 140 ಕೆ.ಜಿ., ನೀರು 24, ಸಾಮಾನು 35. ಸುಮಾರು 200. ಇದಕ್ಕೆ 16 ಅಡಿ ಕೆನೂ ತಡೆಯುತ್ತೆ. ಆದರೆ ಕಂಪನಿ ಬರೆದ ಅಂಕಿ ನಂಬಬೇಡಿ. ಎಲ್ಲ ತುಂಬಿ, ಇಬ್ಬರೂ ಕೂತ ಮೇಲೆ, ನಡುವಿನ ಅಂಚಿಗೂ ನೀರಿಗೂ ಒಂದು ಗೇಣು ಹತ್ತಿರ ಇರಬೇಕು, 15 ಸೆಂ.ಮೀ.ಗಿಂತ ಕಮ್ಮಿ ಆದರೆ ಸಾಮಾನು ಇಳಿಸಿ.

ಗಾಳಿ ಎದುರಿದ್ದರೆ ಭಾರ ಸ್ವಲ್ಪ ಮುಂದಕ್ಕೆ, ಬೆನ್ನಿಗಿದ್ದರೆ ಸ್ವಲ್ಪ ಹಿಂದಕ್ಕೆ. ಹಗುರ ಇರೋ ತುದಿಯನ್ನ ಗಾಳಿ ಬಾವುಟದ ಹಾಗೆ ತಿರುಗಿಸುತ್ತೆ, ಅಷ್ಟೇ ಸೂತ್ರ. ಒಂದು ನೀರಿನ ಕ್ಯಾನನ್ನ ಹಿಂದೆ ಮುಂದೆ ಸರಿಸಿದರೂ ಸಾಕು.

ಕಲ್ಲಿನಕೋಟೆ
ಈಜು ಬರುತ್ತೆ ಅಂತ ಬರೆದಿದ್ದಾರೆ. ಲೈಫ್ ಜಾಕೆಟ್ ಪ್ರಸ್ತಾಪವೇ ಇಲ್ಲ. ದೋಣಿಯಲ್ಲಿ ಮಡಚಿಟ್ಟ ಜಾಕೆಟ್ ದಿಂಬಿಗೆ ಸಮ. ಅದು ಮೈಮೇಲೆ, ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲೆಳೆದರೆ ಕಿವಿಗೆ ಬರದ ಹಾಗೆ ಬಿಗಿಯಾಗಿ ಇರಬೇಕು.

ಮಗುಚಿದರೆ ಏನು ಮಾಡೋದು ಅಂತ ಹೊರಡೋ ಹಿಂದಿನ ವಾರ ದಡದ ಹತ್ತಿರ, ಎದೆಮಟ್ಟ ನೀರಲ್ಲಿ ಎಲ್ಲರೂ ಮಾಡಿ ನೋಡಿ. ಕ್ರಮ ಹೀಗೆ: ಬಿದ್ದವರಿಬ್ಬರೂ ಸಿಳ್ಳೆ ಊದಿ, ಬಂದ ದೋಣಿಯ ಎರಡು ತುದಿ ಹಿಡಿದುಕೊಳ್ಳಲಿ. ಬಂದವರು ಮಗುಚಿದ ದೋಣಿಯನ್ನ ತಮ್ಮ ದೋಣಿಗೆ ಅಡ್ಡವಾಗಿ ತಂದು, ಕವುಚಿದ ಸ್ಥಿತಿಯಲ್ಲೇ ಒಂದು ತುದಿ ಎತ್ತಿ, ತಮ್ಮ ಅಂಚಿನ ಮೇಲೆ ನಡುವಿನವರೆಗೂ ಎಳೆದುಕೊಳ್ಳಲಿ. ನೀರೆಲ್ಲ ತಾನೇ ಸುರಿದು ಹೋಗುತ್ತೆ. ಹಾಗೇ ಮೆಲ್ಲಗೆ ಮಗುಚಿ, ನೀರಿಗೆ ಜಾರಿಸಿ, ಪಕ್ಕಪಕ್ಕ ತಂದು, ಇಬ್ಬರೂ ಸೇರಿ ಅಂಚು ಗಟ್ಟಿಯಾಗಿ ಹಿಡಿಯಲಿ. ಬಿದ್ದವರು ಒಬ್ಬೊಬ್ಬರಾಗಿ, ಹೊರಗಿನ ಪಕ್ಕದಿಂದ, ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ಜಾರಿ ಹತ್ತಲಿ. ಅವಸರಕ್ಕೆ ಇಬ್ಬರೂ ಒಟ್ಟಿಗೆ ಹತ್ತಿದರೆ ಎರಡು ದೋಣಿಯೂ ಮಗುಚುತ್ತವೆ.

ಇದು ಆಗಬೇಕಾದರೆ ಸಾಮಾನನ್ನ ದೋಣಿಗೆ ಬಿಗಿದು ಕಟ್ಟಿರಬಾರದು. 40 ಕೆ.ಜಿ. ಚೀಲ ಬಿಗಿದ ದೋಣಿ ಎತ್ತೋಕೆ ಆಗಲ್ಲ. ಪ್ರತಿ ಚೀಲಕ್ಕೂ ಎರಡು ಮಾರು ಹಗ್ಗ, ಒಂದು ತುದಿ ದೋಣಿಗೆ. ಚೀಲ ಹೊರಗೆ ಬಿದ್ದು ತೇಲಲಿ.

ಹರಿದ್ರಾ
ಒಪ್ಪಲ್ಲ. ನೀರಲ್ಲಿ ಹಗ್ಗ ಹರಡಿದರೆ ಕಾಲಿಗೆ ಸುತ್ತುತ್ತೆ. ಬಿಗಿದು ಕಟ್ಟಿದ ತೇಲೋ ಚೀಲ ದೋಣಿಯೊಳಗಿನ ಜಾಗ ತುಂಬಿರುತ್ತೆ, ಅಷ್ಟು ನೀರು ಕಮ್ಮಿ ಒಳಗೆ ಬರುತ್ತೆ.

ಕಲ್ಲಿನಕೋಟೆ
ಹೊಳೆಯಲ್ಲಿ ನಿಮ್ಮ ಮಾತು ಸರಿ, ಬಂಡೆಗೆ ಬಡಿಯೋ ಕಡೆ ಹಗ್ಗ ಅಪಾಯ. ಹರಿಹರದ ತುಂಗಭದ್ರೆಯಲ್ಲಿ ಇಳಿಯೋದಾದರೆ ಬಿಗಿದೇ ಕಟ್ಟಬೇಕು. ನಿಂತ ನೀರಲ್ಲಿ, ಜೊತೆಗೆ ಮೂರು ದೋಣಿ ಇರುವಾಗ, ಬಿಡಿಸಿ ಎತ್ತೋದೇ ಬೇಗ. ಹಗ್ಗ ತೇಲೋ ಜಾತಿದಿರಲಿ, ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಎಳೆದರೆ ಮಾತ್ರ ಬಿಚ್ಚಿಕೊಳ್ಳುತ್ತೆ.

ದಾಟೋ ನಿಯಮ ಒಂದೇ: ನೀರ ಮೇಲೆ ಬಿಳಿ ನೊರೆ ಕಂಡರೆ ದಾಟೋದಿಲ್ಲ. ಊಟ ತಡವಾಗಲಿ, ಕತ್ತಲಾಗಲಿ, ಅಲ್ಲೇ ಮಲಗಿ. ವಾಹನದವರಿಗೆ 'ಒಂದು ದಿನ ತಡ ಆಗಬಹುದು' ಅಂತ ಮೊದಲೇ ಹೇಳಿರಿ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸಿರೋದು ಸುಮ್ಮನೆ ಅಲ್ಲ, ಈ ಸೀಮೆಯಲ್ಲಿ ಗಾಳಿಗೆ ಬರ ಇಲ್ಲ.

ಚಳ್ಳಕೆರೆ ಹಿಂಡಿ
ಮೀನಿನ ವಿಷಯಕ್ಕೆ ಬರೋಣ. ಎರೆ ಮಣ್ಣು, ಎರೆ ಹುಳು, ಗಾಳದ ಎರೆ, ಮೂರೂ ನಮ್ಮ ಜಿಲ್ಲೆಲೇ ಸಿಗ್ತವೆ, ಬೆಂಗಳೂರಿಂದ ಪ್ಯಾಕೆಟ್ ತರಿಸಬೇಡಿ.

ರೋಹು, ಮೃಗಾಲ್‌ಗೆ ಶೇಂಗಾ ಹಿಂಡಿ 1 ಕೆ.ಜಿ., ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಹಿಂಡಿ ತೆಗೆದು, ಅದಕ್ಕೆ ಅಕ್ಕಿ ತೌಡು ಅರ್ಧ ಕೆ.ಜಿ., ಮೈದಾ ಕಾಲು ಕೆ.ಜಿ., ಒಂದು ಹಿಡಿ ಬೆಲ್ಲ. ರೊಟ್ಟಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಗಟ್ಟಿ. ಪರೀಕ್ಷೆ: ಗೋಲಿಯಷ್ಟು ಉಂಡೆ ಮಾಡಿ ಲೋಟದ ನೀರಿಗೆ ಬಿಡಿ. ಹತ್ತು ನಿಮಿಷದ ಮೇಲೆ ಅಂಚು ಕರಗೋಕೆ ಶುರುವಾಗಬೇಕು, ಅದಕ್ಕೂ ಮುಂಚೆ ಒಡೆದರೆ ಮೈದಾ ಸಾಲದು. ಅರ್ಧ ಗಂಟೆ ಆದರೂ ಕಲ್ಲಿನ ಹಾಗಿದ್ದರೆ ಮೈದಾ ಜಾಸ್ತಿ, ಮೀನು ಎರೆ ಬಾಯಿಗೆ ಹಾಕಿಕೊಂಡರೂ ಕೊಕ್ಕೆ ಹೊರಬಂದು ಕಚ್ಚಲ್ಲ.

ಮೃಗಾಲ್ ತಳದಲ್ಲಿ ಮೇಯುತ್ತೆ, ರೋಹು ನಡುನೀರು, ಕಾಟ್ಲಾ ಮೇಲೆ. ಬೆಂಡಿನ ಎತ್ತರ ಹಾಗೇ ಇಡಿ. ದಾರ 0.30 ಮಿ.ಮೀ., ಕೊಕ್ಕೆ 4 ಅಥವಾ 6ನೇ ನಂಬರ್. ಜಿಲೇಬಿ ಮೀನಿಗೆ (ತಿಲಾಪಿಯಾ) 10ನೇ ನಂಬರು, ಅರ್ಧ ಎರೆಹುಳು, ಮಕ್ಕಳಾಟ. ಊಟಕ್ಕೆ ಗ್ಯಾರಂಟಿ ಸಿಗೋದೂ ಜಿಲೇಬಿಯೇ, ದೊಡ್ಡ ಮಾತು ಆಡೋರು ನೆನಪಿಡಿ. ಕೊರಮೀನಿಗೆ ರಬ್ಬರ್ ಕಪ್ಪೆ, ಹೆಣೆದ ದಾರ, ಜೊಂಡಿನ ಅಂಚಲ್ಲಿ. ಕೆಂಪಗೆ ಸಣ್ಣ ಮರಿಗಳ ಗುಂಪು ನೀರ ಮೇಲೆ ಕುದಿಯೋ ಹಾಗೆ ಕಂಡರೆ ಅಲ್ಲಿ ಹಾಕಬೇಡಿ. ಕೆಳಗೆ ಕಾವಲಿರೋ ತಾಯಿ ತಂದೆ ಸಿಟ್ಟಿಗೆ ಕಚ್ಚುತ್ತವೆ, ಅವನ್ನ ಎತ್ತಿದರೆ ಒಂದೇ ದಿನದಲ್ಲಿ ಮರಿ ಎಲ್ಲ ಬೇರೆ ಮೀನಿನ ಬಾಯಿಗೆ.

ರೋಹು, ಕಾಟ್ಲಾ, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಮಳೆಗಾಲದ ಹರಿಯೋ ನೀರು ಬೇಕು. ಅದಕ್ಕೇ ಜಲಾಶಯಕ್ಕೆ ಮರಿ ತಂದು ಬಿಡ್ತಾರೆ. ಆ ಮರಿ ದೊಡ್ಡದಾಗಲಿ ಅಂತ ಕಾಯ್ತಾ ಇರೋ ಮೀನುಗಾರರ ಹೊಟ್ಟೆಪಾಡು ಅದು. ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಗಾಳ ಹಾಕಬೇಡಿ. ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ನೀರಿಗೆ.

ಕಣಿವೆಗಾಳ
ಸೇರಿಸೋದು: ಮೀನುಗಾರರು ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಥರ್ಮೋಕೋಲ್ ತುಂಡೋ ಖಾಲಿ ಬಾಟಲಿಯೋ ಸಾಲಾಗಿ ತೇಲ್ತಿದ್ದರೆ ಅದು ಕಸ ಅಲ್ಲ, ಬಲೆ. ತುದಿ ಸುತ್ತಿ ಹೋಗಿ. ದಾರಿ ಇಲ್ಲದಿದ್ದರೆ ಎರಡು ಬಾಟಲಿಗಳ ನಡುವೆ ಹುಟ್ಟು ಎತ್ತಿ ತೇಲಿ ದಾಟಿ. ಗಾಳ ಸಿಕ್ಕಿಕೊಂಡರೆ ನಿಮ್ಮ ದಾರ ಕತ್ತರಿಸಿ, ಅವರ ಬಲೆ ಅಲ್ಲ. ತೆಪ್ಪದವರು ಸಿಕ್ಕರೆ ನಿಲ್ಲಿಸಿ ಕೇಳಿ: ಬಲೆ ಎಲ್ಲಿದೆ, ಗಾಳಿ ಎಷ್ಟು ಹೊತ್ತಿಗೆ ಏಳುತ್ತೆ, ಬೋಡು ಮರ ಎಲ್ಲಿದೆ. ಯಾವ ಆ್ಯಪೂ ಇಷ್ಟು ಹೇಳಲ್ಲ.

ದೋಣಿಯಿಂದ ಗಾಳ ಬೀಸುವಾಗ ಒಬ್ಬರೇ, ಇನ್ನೊಬ್ಬರು ಹುಟ್ಟು ಹಿಡಿದಿರಲಿ. ತಲೆ ಮೇಲಿಂದ ಬೀಸಿ. ಪಕ್ಕಕ್ಕೆ ಬೀಸಿದರೆ ಕೊಕ್ಕೆ ಜೊತೆಗಾರನ ಕಿವಿಗೆ. ದೊಡ್ಡದು ಬಿದ್ದರೆ ನಿಲ್ಲಬೇಡಿ, ಇಬ್ಬರೂ ಒಂದೇ ಕಡೆ ಬಾಗಬೇಡಿ.

ಎರೆಹೊಲ
ಲಂಗರಿಗೆ ದುಡ್ಡು ಹಾಕ್ಬೇಡಿ. ಈರುಳ್ಳಿ ಚೀಲ ಎರಡು ಒಂದರೊಳಗೊಂದು ಹಾಕಿ, 3 ಕೆ.ಜಿ. ಕಲ್ಲು ತುಂಬಿ, ಬಾಯಿ ಕಟ್ಟಿ. ಮರದ ಬುಡಕ್ಕೆ ಸಿಕ್ಕಿಕೊಂಡ್ರೆ ಜೋರಾಗಿ ಎಳೀರಿ, ಚೀಲ ಹರಿದು ಕಲ್ಲು ಉದುರ್ತೈತೆ, ದೋಣಿ ಬಿಡುಗಡೆ. ಹರಿದ ಚೀಲ ಮಾತ್ರ ಎತ್ತಿಕೊಂಡು ಬನ್ನಿ. ಹಗ್ಗ ಮೂತಿಗೋ ಬಾಲಕ್ಕೋ ಕಟ್ಟಿ, ಪಕ್ಕೆಗೆ ಯಾವತ್ತೂ ಬ್ಯಾಡ. ಪಕ್ಕೆಗೆ ಕಟ್ಟಿದ್ರೆ ಅಲೆ ಬಂದಾಗ ಹಗ್ಗ ಒಂದು ಅಂಚು ಕೆಳಗೆ ಹಿಡಿದು ಎಳೀತೈತೆ, ನೀರು ಒಳಗೆ. ಆಳದ ಮೂರು ಪಟ್ಟು ಹಗ್ಗ ಬಿಡಿ. ಕೈಗೆಟಕೋ ಹಾಗೆ ಚಾಕು.

ಬೆಣ್ಣೆನಗರಿ 8
ಚೇಳು ಮೀನು ಬಗ್ಗೆ ಕೇಳಿದೀವಿ. ಮತ್ತೆ ಪ್ರಾಣಿಗಳು?

ಕಲ್ಲಿನಕೋಟೆ
ಚೇಳು ಮೀನಿನ ಪಕ್ಕದ ರೆಕ್ಕೆ ಮುಳ್ಳಲ್ಲಿ ವಿಷ ಇದೆ. ಬರಿಗೈಲಿ ಹಿಡಿಯಬೇಡಿ, ಇಕ್ಕಳದಿಂದ ಕೊಕ್ಕೆ ಬಿಡಿಸಿ ಅಥವಾ ದಾರ ಕತ್ತರಿಸಿ. ಚುಚ್ಚಿದರೆ ಆ ಭಾಗವನ್ನ ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ಬಿಸಿ ಎಷ್ಟಿದೆ ಅಂತ ಚುಚ್ಚದ ಕೈಯಿಂದ ನೋಡಿ, ಚುಚ್ಚಿದ ಕೈಗೆ ಉರಿಯಲ್ಲಿ ಗೊತ್ತಾಗದೆ ಸುಟ್ಟುಕೊಳ್ತಾರೆ. ಮುರಿದ ಮುಳ್ಳು ಒಳಗಿದ್ದರೆ ಆಸ್ಪತ್ರೆ.

ಕಣಿವೆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕರಡಿ ಹುಡುಕೋದು ಗೆದ್ದಲು, ಹಣ್ಣು. ಹುತ್ತ, ಬೋರೆ ಗಿಡದ ಹತ್ತಿರ ಟೆಂಟ್ ಬೇಡ. ಗುಡ್ಡದ ಬುಡ ಬಿಟ್ಟು ಬಯಲ ದಿಣ್ಣೆ ನೋಡಿ. ಅರಣ್ಯದ ಜಾಗ ಆದರೆ ಅರಣ್ಯ ಇಲಾಖೆ, ಪಟ್ಟಾ ಜಮೀನಾದರೆ ರೈತ, ಜಲಾಶಯಕ್ಕೆ ನೀರಾವರಿ ಇಲಾಖೆ, ಎಲ್ಲರ ಒಪ್ಪಿಗೆ ಬರಹದಲ್ಲಿರಲಿ, ಠಾಣೆಗೂ ಒಂದು ಪ್ರತಿ. ಮೀನಿನ ಕರುಳು, ತಲೆ ಕ್ಯಾಂಪಿಂದ ದೂರ ಆಳವಾಗಿ ಹೂಳಿ. ಶೌಚಕ್ಕೆ ನೀರಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ.

ರಾತ್ರಿ ಬಯಲಲ್ಲಿ ಚಾಪೆ ಹಾಸಿ ಮಲಗೋ ಆಸೆ ಬೇಡ. ಕಟ್ಟುಹಾವು ಕಚ್ಚೋದು ಮಲಗಿದವರನ್ನೇ, ನೋವೂ ಅಷ್ಟಾಗಿ ಗೊತ್ತಾಗಲ್ಲ. ಟೆಂಟಿನ ಜಿಪ್ ಪೂರ್ತಿ ಹಾಕಿ, ಬೂಟು ಒಳಗೆ. ಕಚ್ಚಿದರೆ ಕೊಯ್ಯೋದು, ಬಿಗಿದು ಕಟ್ಟೋದು ಬೇಡ. ಕಚ್ಚಿದ ಭಾಗ ಅಲುಗದ ಹಾಗೆ ಮಾಡಿ ದಡಕ್ಕೆ, ದಡದಿಂದ 108. ಕ್ಯಾಂಪಿನಿಂದ ಹತ್ತಿರದ ಟಾರು ರಸ್ತೆ ಎಲ್ಲಿ, ಮೊಬೈಲ್ ಸಿಗ್ನಲ್ ಯಾವ ದಿಣ್ಣೆ ಮೇಲೆ ಸಿಗುತ್ತೆ, ಇವೆರಡು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಬೆಣ್ಣೆನಗರಿ 8
ಬದಲಾದ ಪ್ಲ್ಯಾನ್: ಹೊಸದುರ್ಗದ ಕಡೆಯಿಂದ ಇಳಿಯೋದು, 7 ಕಿ.ಮೀ., ಒಂದೇ ಕ್ಯಾಂಪ್. ಮೊದಲ ದಿನ 10ಕ್ಕೆ ದಡದಲ್ಲಿರೋದು. ಎರಡನೇ ಬೆಳಿಗ್ಗೆ ಗಾಳ. ನೀರು 96 ಲೀಟರ್. ಊಟ: ಮೂರು ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ 72, ಶೇಂಗಾ ಚಟ್ನಿಪುಡಿ ಅರ್ಧ ಕೆ.ಜಿ., ಎರಡು ರಾತ್ರಿಗೆ ಅಕ್ಕಿ 1.6, ಬೇಳೆ 1 ಕೆ.ಜಿ., ಎರಡು ಬೆಳಿಗ್ಗೆಗೆ ಅವಲಕ್ಕಿ 1.3. ಮೀನು ಸಿಕ್ಕರೆ ಹೆಚ್ಚುವರಿ ಅಂತ ಲೆಕ್ಕ. ಸಂಜೆಗೆ ಮಂಡಕ್ಕಿ 2 ಕೆ.ಜಿ.

ಹುಟ್ಟುಗೋಲು
2 ಕೆ.ಜಿ. ಮಂಡಕ್ಕಿ ಎಷ್ಟು ಜಾಗ ತಿನ್ನುತ್ತೆ ಗೊತ್ತಾ? ದೋಣಿಯಲ್ಲಿ ಒಬ್ಬ ಮನುಷ್ಯ ಕೂತ ಹಾಗೆ. ಗಾಳಿಗೆ ಹಾಯಿ ಬೇರೆ. ಒಂದು ರಾತ್ರಿ ಇಬ್ಬನಿಗೆ ಮೆತ್ತಗಾಗುತ್ತೆ. ಅರ್ಧ ಕೆ.ಜಿ. ನರ್ಗಿಸ್ (ಖಾರ ಹಚ್ಚಿದ ಮಂಡಕ್ಕಿ) ಮಾಡಿ ಡಬ್ಬಿಗೆ ಒತ್ತಿ ತುಂಬಿ. ಹೆಚ್ಚುವರಿ ಹುಟ್ಟು ಎಷ್ಟಿವೆ? ಎರಡು ದೋಣಿಗೆ ಒಂದಾದರೂ ಬೇಕು.

ಬೆಣ್ಣೆನಗರಿ 8
ಹೆಚ್ಚುವರಿ ಒಂದೂ ಇಲ್ಲ. ಎರಡು ತರ್ತೀವಿ. ಮಂಡಕ್ಕಿ ಒಂದು ಕೆ.ಜಿ.ಗೆ ಇಳಿಸಿದೆ, ಅದಕ್ಕಿಂತ ಕಮ್ಮಿ ಅಂದರೆ ದಾವಣಗೆರೆಯೋರು ದೋಣಿ ಹತ್ತಲ್ಲ.